ವಿಜಯಪುರದ ಗಾಳಿ ಕೆಡುವುದು ರಸ್ತೆಯ ಅಂಚಿನಿಂದ

ಗಾಳಿ ಕೆಟ್ಟಿದೆ ಅಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಸೈಲೆನ್ಸರ್ ಕಡೆಗೆ. ಹಳೇ ಟಂಟಂ (ಶೇರ್ ಆಟೊ) ನಿಲ್ಲಿಸಿ, ಹೊಗೆ ತಪಾಸಣೆಯ ಪಿಯುಸಿ ಬಿಗಿ ಮಾಡಿ, ಎಲೆಕ್ಟ್ರಿಕ್ ಬಸ್ ತರಿಸಿ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ತಪ್ಪೇನಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ ಅಥಣಿ ರಸ್ತೆಯ ಯಾವುದಾದರೂ ಅಂಗಡಿಯ ಗಾಜು ಒರೆಸಿದ ಬಟ್ಟೆ ನೋಡಿ, ಅದಕ್ಕೆ ಹತ್ತಿರುವುದು ಮಸಿಗಿಂತ ಹೆಚ್ಚು ಮಣ್ಣು. ಮಳೆ ಕಡಿಮೆ, ಬಿಸಿಲು ಜಾಸ್ತಿ, ಸುತ್ತಲೂ ಎರಿಭೂಮಿ, ಅಂದರೆ ಕಪ್ಪುಮಣ್ಣು. ಇಂಥ ಊರಿನಲ್ಲಿ ವಾಹನಗಳಿಂದ ಬರುವ ಪಿಎಂ10 ಕಣಗಳ (10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸಣ್ಣ ಧೂಳು) ದೊಡ್ಡ ಪಾಲು ಎಂಜಿನ್ನಿನಿಂದಲ್ಲ, ಚಕ್ರದ ಕೆಳಗಿನಿಂದ ಏಳುತ್ತದೆ. ಅದನ್ನು ಇಳಿಸುವ ಕೀಲಿ ಆರ್‌ಟಿಒ ಕೈಯಲ್ಲಿಲ್ಲ, ರಸ್ತೆಯ ಎಸ್ಟಿಮೇಟ್ ಬರೆಯುವವರ ಕೈಯಲ್ಲಿದೆ.

ಅಳತೆಗೋಲು ಮೊದಲು ಹೇಳಿಬಿಡುತ್ತೇನೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ10 ವರ್ಷದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, 24 ಗಂಟೆಯ ಸರಾಸರಿ 100 ಮೀರಬಾರದು. ಇನ್ನೂ ಸಣ್ಣದಾದ ಪಿಎಂ2.5ಕ್ಕೆ ಇದೇ ಮಿತಿ 40 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ವಾರ್ಷಿಕ ಮಿತಿ ಇನ್ನೂ ಬಿಗಿ: ಪಿಎಂ10ಕ್ಕೆ 15, ಪಿಎಂ2.5ಕ್ಕೆ 5. ಮಾನದಂಡ ದಾಟಿದ ಊರುಗಳಿಗೆಂದು ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತು. ನಮ್ಮ ರಾಜ್ಯದಿಂದ ಅದರಲ್ಲಿರುವುದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ವಿಜಯಪುರ, ಬೆಳಗಾವಿ, ಬಾಗಲಕೋಟೆ ಇಲ್ಲ. ಅಂದರೆ ಗಾಳಿಯ ಹೆಸರಿನಲ್ಲಿ ಆ ಬಾಬ್ತಿನ ದುಡ್ಡು ಇಲ್ಲಿಗೆ ಬರುವುದಿಲ್ಲ. ಇಲ್ಲಿ ರಸ್ತೆಯ ಟೆಂಡರೇ ಗಾಳಿಯ ಟೆಂಡರ್.

ಚಕ್ರದ ಧೂಳನ್ನು ಲೆಕ್ಕ ಹಾಕಲು ಅಮೆರಿಕದ ಪರಿಸರ ಸಂಸ್ಥೆಯ ಎಪಿ-42 ಕೈಪಿಡಿಯ ಸೂತ್ರವನ್ನು ನಮ್ಮ ದೇಶದಲ್ಲೂ ಬಳಸುತ್ತಾರೆ. ಅದರಲ್ಲಿ ಮುಖ್ಯವಾದವು ಎರಡೇ ಅಂಶ. ಒಂದು, ರಸ್ತೆಯ ಮೇಲೆ ಒಂದು ಚದರ ಮೀಟರಿನಲ್ಲಿ ಬಿದ್ದಿರುವ 75 ಮೈಕ್ರಾನ್‌ಗಿಂತ ಸಣ್ಣ ಹುಡಿ ಎಷ್ಟು ಗ್ರಾಂ. ಇದಕ್ಕೆ ಸಿಲ್ಟ್ ಲೋಡ್ ಅನ್ನುತ್ತಾರೆ. ಎರಡು, ಆ ರಸ್ತೆಯಲ್ಲಿ ಓಡುವ ಎಲ್ಲ ವಾಹನಗಳ ಸರಾಸರಿ ತೂಕ. ಸಿಲ್ಟ್ ಲೋಡಿನ 0.91 ಘಾತ, ಅಮೆರಿಕನ್ ಟನ್ನಿನಲ್ಲಿ ತೂಕದ 1.02 ಘಾತ, ಎರಡನ್ನೂ ಗುಣಿಸಿ ಮತ್ತೆ 0.62ರಿಂದ ಗುಣಿಸಿದರೆ ಒಂದು ವಾಹನ ಒಂದು ಕಿಲೋಮೀಟರಿಗೆ ಎಬ್ಬಿಸುವ ಪಿಎಂ10 ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ.

ಲೆಕ್ಕಕ್ಕೆಂದು ಒಂದು ರಸ್ತೆ ಹಿಡಿಯೋಣ. ನೂರು ವಾಹನದಲ್ಲಿ 60 ದ್ವಿಚಕ್ರ, ಸವಾರ ಸೇರಿ ತಲಾ ಕಾಲು ಟನ್. 25 ಟಂಟಂ ಮತ್ತು ಕಾರು, ತಲಾ 1.2 ಟನ್. 15 ಲಾರಿ, ಟಿಪ್ಪರ್, ಬಸ್, ತಲಾ 16 ಟನ್. ಒಟ್ಟು 285 ಟನ್, ಸರಾಸರಿ 2.85, ಅಮೆರಿಕನ್ ಟನ್ನಿನಲ್ಲಿ 3.14. ಸಿಲ್ಟ್ ಲೋಡ್ ಚದರ ಮೀಟರಿಗೆ 2 ಗ್ರಾಂ ಇದ್ದರೆ ಸೂತ್ರ ಕೊಡುವ ಉತ್ತರ ಪ್ರತಿ ವಾಹನಕ್ಕೆ ಕಿಲೋಮೀಟರಿಗೆ ಸುಮಾರು 3.7 ಗ್ರಾಂ. ದಿನಕ್ಕೆ 15,000 ವಾಹನ ಓಡಿದರೆ ಆ ಒಂದು ಕಿಲೋಮೀಟರ್ ರಸ್ತೆ ದಿನಕ್ಕೆ 56 ಕಿಲೋ ಪಿಎಂ10 ಎಬ್ಬಿಸುತ್ತದೆ. ಸಿಲ್ಟನ್ನು 2ರಿಂದ ಅರ್ಧ ಗ್ರಾಮಿಗೆ ಇಳಿಸಿದರೆ ಅದು 16 ಕಿಲೋಗೆ ಬರುತ್ತದೆ. ವಾಹನ ಅವೇ, ಡ್ರೈವರ್ ಅವರೇ.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್-6 ಮಾನದಂಡದಲ್ಲಿ ಡೀಸೆಲ್ ಕಾರಿನ ಸೈಲೆನ್ಸರಿನಿಂದ ಬರಬಹುದಾದ ಕಣ ಕಿಲೋಮೀಟರಿಗೆ 4.5 ಮಿಲಿಗ್ರಾಂ. ಗ್ರಾಂ ಅಲ್ಲ, ಮಿಲಿಗ್ರಾಂ. ಹಾಗಂತ ಹೊಗೆಯನ್ನು ಮರೆಯಬೇಕೆಂದಲ್ಲ. ಹಳೇ ಡೀಸೆಲ್ ಗಾಡಿಗಳು ಇದರ ಎಷ್ಟೋ ಪಟ್ಟು ಉಗುಳುತ್ತವೆ, ಹೊಗೆಯ ಕಣ ಬಹಳ ಸಣ್ಣದಾದ್ದರಿಂದ ಪುಪ್ಪುಸದ ಆಳಕ್ಕೆ ಇಳಿಯುತ್ತದೆ, ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತಪಡಿಸಿದೆ. ಗ್ರಾಮಿಗೆ ಗ್ರಾಂ ಎರಡೂ ಒಂದೇ ಅಲ್ಲ. ಸೂತ್ರವೂ ಅಮೆರಿಕದ ರಸ್ತೆಗಳಲ್ಲಿ ಅಳೆದು ಕಟ್ಟಿದ್ದು, ಹಾಗಾಗಿ 56 ಕಿಲೋ ಎಂಬುದನ್ನು ಕಲ್ಲಿನಲ್ಲಿ ಕೆತ್ತಬೇಡಿ. ಈ ರಸ್ತೆ ಮೊದಲೋ ಆ ರಸ್ತೆ ಮೊದಲೋ, ಗುಡಿಸುವುದೋ ಲಾರಿ ತಿರುಗಿಸುವುದೋ ಎಂದು ಹೋಲಿಸಿ ನೋಡಲು ಅದು ಸಾಕು.

ಸಿಲ್ಟ್ ಲೋಡ್ ಅಳೆಯುವುದು ದುಬಾರಿ ಕೆಲಸವಲ್ಲ. ಓವನ್, ಜರಡಿ, ತಕ್ಕಡಿ ಯಾವ ಎಂಜಿನಿಯರಿಂಗ್ ಕಾಲೇಜಿನ ಮಣ್ಣಿನ ಪ್ರಯೋಗಾಲಯದಲ್ಲೂ ಇರುತ್ತವೆ. ಸರ್ಕಲ್‌ನಿಂದ ದೂರ, ನೇರವಾಗಿರುವ ಜಾಗ ಆರಿಸಿ. ಮಳೆ ಬಿದ್ದಿದ್ದರೆ ರಸ್ತೆ ಪೂರ್ತಿ ಒಣಗಿ ಮತ್ತೆ ಒಂದು ವಾರ ವಾಹನ ಓಡುವವರೆಗೆ ತಾಳಿ. ಭಾನುವಾರ ಬೆಳಿಗ್ಗೆ ಟ್ರಾಫಿಕ್ ಪೊಲೀಸರ ನೆರವಿನಿಂದ ಹತ್ತು ನಿಮಿಷ ಒಂದು ಬದಿ ತಡೆದು, ರಸ್ತೆಗೆ ಅಡ್ಡಲಾಗಿ ಒಂದು ಮೀಟರ್ ಅಗಲದ ಪಟ್ಟಿ ಹಗ್ಗದಿಂದ ಗುರುತು ಮಾಡಿ, ಸುಣ್ಣ ಬೇಡ, ಅದರ ಹುಡಿಯೂ ತೂಕದಲ್ಲಿ ಸೇರುತ್ತದೆ. ಏಳು ಮೀಟರ್ ರಸ್ತೆಯಾದರೆ ಏಳು ಚದರ ಮೀಟರ್ ಆಯಿತು. ಮೊದಲೇ ತೂಗಿಟ್ಟ ಚೀಲ ಹಾಕಿದ ವ್ಯಾಕ್ಯೂಮ್ ಕ್ಲೀನರ್‌ನಿಂದ ಆ ಪಟ್ಟಿಯನ್ನು ಪೂರ್ತಿ ಎಳೆಯಿರಿ. ಬರೀ ಕಸಬರಿಗೆ ಸಾಲದು, ಡಾಂಬರಿನ ಸಂದಿಯಲ್ಲಿ ಕೂತ ಸಣ್ಣ ಹುಡಿ ಅಲ್ಲೇ ಉಳಿಯುತ್ತದೆ, ನಮಗೆ ಬೇಕಾದದ್ದು ಅದೇ. ಸಿಕ್ಕಿದ್ದನ್ನು 105 ಡಿಗ್ರಿಯಲ್ಲಿ ರಾತ್ರಿ ಒಣಗಿಸಿ 75 ಮೈಕ್ರಾನ್ ಜರಡಿ ಹಿಡಿಯಿರಿ. ಕೆಳಗೆ ಇಳಿದದ್ದು 14 ಗ್ರಾಂ ಇದ್ದರೆ ಏಳರಿಂದ ಭಾಗಿಸಿ, ಸಿಲ್ಟ್ ಲೋಡ್ 2. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದಿದೆ. ಎರಿಮಣ್ಣು ಒಣಗಿದಾಗ ಸಣ್ಣ ಉಂಡೆಯಾಗುತ್ತದೆ, ಜರಡಿ ಹಿಡಿಯುವವರು ಅದನ್ನು ಒರಳಿನಲ್ಲಿ ಅರೆದುಬಿಡುತ್ತಾರೆ. ಹಾಗೆ ಮಾಡಿದರೆ ರಸ್ತೆಯ ಮೇಲೆ ಇಲ್ಲದ ಹುಡಿ ಪ್ರಯೋಗಾಲಯದಲ್ಲಿ ಹುಟ್ಟುತ್ತದೆ. ಅರೆಯದೆ ಅಲುಗಾಡಿಸಬೇಕು. ಒಂದು ರಸ್ತೆಗೆ ಕನಿಷ್ಠ ಮೂರು ಪಟ್ಟಿ ತೆಗೆಯಿರಿ, ಒಂದೇ ಪಟ್ಟಿ ನಂಬುವ ಹಾಗಿಲ್ಲ.

ಈ ಹುಡಿ ರಸ್ತೆಗೆ ಬರುವ ದಾರಿಗಳು ನಾಲ್ಕೈದು, ಎಲ್ಲವೂ ಕಣ್ಣೆದುರಿಗೇ ಇವೆ. ಡಾಂಬರು ಮುಗಿದ ಕಡೆಯಿಂದ ಗಟಾರದವರೆಗೆ ಬಿಟ್ಟ ಬರೀ ಮಣ್ಣಿನ ಪಟ್ಟಿ ಮೊದಲನೆಯದು. ಬೈಕು, ಟಂಟಂ ಅಲ್ಲಿ ಇಳಿದು ಹತ್ತಿದಾಗಲೆಲ್ಲ ಮಣ್ಣು ಡಾಂಬರಿಗೆ ಬರುತ್ತದೆ. ಮಳೆಗಾಲದಲ್ಲಿ ಎರಿಮಣ್ಣು ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿಕೊಂಡು ಊರೊಳಗೆ ಬಂದು ಉದುರುತ್ತದೆ, ಒಣಗಿದ ಮೇಲೆ ಲಾರಿ ಅದನ್ನು ಹಿಟ್ಟು ಮಾಡುತ್ತದೆ. ಪೈಪು, ಕೇಬಲ್, ಒಳಚರಂಡಿಗೆಂದು ಅಗೆದ ಗುಂಡಿಗೆ ಗರಸು ತುಂಬಿ ಹಾಗೇ ಬಿಟ್ಟಿರುತ್ತಾರೆ. ಡಿವೈಡರ್ ಒಳಗೆ ಗಿಡಕ್ಕೆಂದು ಮಣ್ಣನ್ನು ಅಂಚಿನ ಕಲ್ಲಿಗಿಂತ ಮೇಲೆ ಪೇರಿಸಿರುತ್ತಾರೆ, ಟ್ಯಾಂಕರ್ ನೀರು ಹಾಯಿಸಿದಾಗಲೆಲ್ಲ ಅದು ರಸ್ತೆಗೆ ಹರಿಯುತ್ತದೆ. ಇದನ್ನು ಸರಿಪಡಿಸಲು ಒಂದು ಪೈಸೆ ಬೇಡ, ಮಣ್ಣು ಕಲ್ಲಿನ ಮೇಲಂಚಿಗಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ಸಾಕು.

ಇನ್ನು ಗಟಾರದ ರಾಡಿ. ಪೌರಕಾರ್ಮಿಕರು ಕಷ್ಟಪಟ್ಟು ಗಟಾರದಿಂದ ಎತ್ತಿದ ರಾಡಿಯನ್ನು ನೀರು ಇಂಗಲಿ ಎಂದು ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ನೀರು ಇಂಗುತ್ತದೆ, ಗಾಡಿ ಬರುವುದಿಲ್ಲ. ಮೂರನೇ ದಿನಕ್ಕೆ ಒಣಗಿ ಬಿರಿದು, ವಾರದೊಳಗೆ ಅರ್ಧ ರಾಡಿ ರಸ್ತೆಯ ಮೇಲೂ ಉಳಿದರ್ಧ ತಿರುಗಿ ಗಟಾರದಲ್ಲೂ ಇರುತ್ತದೆ. ಒಂದೇ ಮಣ್ಣನ್ನು ವರ್ಷಕ್ಕೆ ನಾಲ್ಕು ಸಲ ಎತ್ತಿದ ಬಿಲ್ ಪಾಲಿಕೆಗೆ ಬೀಳುತ್ತದೆ. ಹೂಳೆತ್ತುವ ಗುತ್ತಿಗೆಯಲ್ಲಿ ಎತ್ತುವುದಕ್ಕೂ ಸಾಗಿಸುವುದಕ್ಕೂ ಬೇರೆ ಬೇರೆ ದರ ಇರುವುದೇ ಇದಕ್ಕೆ ಕಾರಣ. ಎರಡನ್ನೂ ಸೇರಿಸಿ ಒಂದೇ ದರ ಮಾಡಿ, 24 ಗಂಟೆಯೊಳಗೆ ಸಾಗಿಸಿದ ತೂಕದ ಚೀಟಿ ತೋರಿಸಿದರೆ ಮಾತ್ರ ಬಿಲ್ ಎಂದು ಬರೆದರೆ ರಾಡಿ ತಾನಾಗಿ ಜಾಗ ಖಾಲಿ ಮಾಡುತ್ತದೆ.

ಅಂಚಿನ ಮಣ್ಣಿನ ಪಟ್ಟಿಗೆ ಪರಿಹಾರ ಗೋಡೆಯಿಂದ ಗೋಡೆಯವರೆಗೆ ಮುಚ್ಚುವುದು, ಅಂದರೆ ಡಾಂಬರು, ಪೇವರ್, ಫುಟ್‌ಪಾತ್, ಗಟಾರದ ಮುಚ್ಚಳ ಇವುಗಳ ನಡುವೆ ಬರೀ ಮಣ್ಣು ಕಾಣದಂತೆ ಮಾಡುವುದು. ಇಡೀ ಅಗಲಕ್ಕೆ ಡಾಂಬರು ಹಾಕುವುದು ಸೋವಿ ಅನ್ನಿಸಬಹುದು. ಆದರೆ ರಸ್ತೆ ಅಗಲವಾದಂತೆ ವೇಗ ಏರುತ್ತದೆ, ಪಕ್ಕದಲ್ಲಿ ನಡೆಯುವವರಿಗೆ ಜಾಗ ಇಲ್ಲದಾಗುತ್ತದೆ, ಮಳೆನೀರು ಇಂಗುವುದಿಲ್ಲ. ಅಂಚಿಗೆ ಪೇವರ್ ಬ್ಲಾಕ್ ಮೇಲು.

ನಮ್ಮಲ್ಲಿ ಪೇವರ್ ಕೆಟ್ಟ ಹೆಸರು ತೆಗೆದುಕೊಂಡದ್ದು ಬ್ಲಾಕಿನ ತಪ್ಪಿನಿಂದಲ್ಲ, ಕೆಳಗಿನ ಎರಿಮಣ್ಣಿನಿಂದ. ಎರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ನಾಲ್ಕಿಂಚು ಗರಸು ಚೆಲ್ಲಿ ಬ್ಲಾಕ್ ಕೂರಿಸಿದರೆ ಮೊದಲ ಮಳೆಗೇ ಅಲೆ ಏಳುತ್ತದೆ, ಎರಡನೇ ಬೇಸಿಗೆಗೆ ಬ್ಲಾಕ್ ಕಿತ್ತು ಬರುತ್ತವೆ, ಸಂದಿಯ ಉಸುಕು ರಸ್ತೆಗೆ ಹೋಗುತ್ತದೆ. ಧೂಳು ನಿಲ್ಲಿಸಲು ಹಾಕಿದ್ದೇ ಧೂಳಿನ ಮೂಲವಾಗುತ್ತದೆ. ಮಾಡಬೇಕಾದ ಕ್ರಮ ಹೀಗೆ. ಅಂಚಿನ ಪಟ್ಟಿಯನ್ನು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಆಳಕ್ಕೆ ಅಗೆದು ಎರಿಮಣ್ಣು ತೆಗೆಯಿರಿ. ತೆಗೆಯಲು ಆಗದಷ್ಟು ಆಳವಿದ್ದರೆ ಮೇಲಿನ 15-20 ಸೆಂಟಿಮೀಟರ್ ಮಣ್ಣಿಗೆ ತೂಕದ ಶೇ 3ರಿಂದ 5ರಷ್ಟು ಸುಣ್ಣ ಬೆರೆಸಿ, ನೀರು ಹಾಕಿ, ರೋಲರ್ ಹೊಡೆಯಿರಿ. ಎಷ್ಟು ಸುಣ್ಣ ಎಂಬುದು ಆ ಮಣ್ಣಿನ ಪರೀಕ್ಷೆಯಿಂದಲೇ ತಿಳಿಯಬೇಕು. ಅದರ ಮೇಲೆ ಉಬ್ಬದ ಗರಸು 30 ಸೆಂಟಿಮೀಟರ್, 15-15ರ ಎರಡು ಪದರದಲ್ಲಿ, ಪ್ರತಿ ಪದರಕ್ಕೂ ಬೇರೆಯಾಗಿ ರೋಲರ್. ಮೇಲೆ 15 ಸೆಂಟಿಮೀಟರ್ ಖಡಿಯ ಪದರ. ಆಮೇಲೆ 25-30 ಮಿಲಿಮೀಟರ್ ಉಸುಕು, ಅದರ ಮೇಲೆ ಬ್ಲಾಕ್. ಬರೀ ನಡೆಯುವ ಜಾಗಕ್ಕೆ 60 ಮಿಲಿಮೀಟರ್ ಸಾಕು, ಟಂಟಂ ನಿಲ್ಲುವ, ಕಾರು ಹತ್ತುವ ಕಡೆ 80 ಬೇಕು, ಗಟ್ಟಿತನದಲ್ಲಿ ಎಂ40 ದರ್ಜೆಗೆ ಕಡಿಮೆ ಇಲ್ಲದ ಕಾಂಕ್ರೀಟ್.

ಅಂಚಿನ ಕಲ್ಲು ಮೊದಲು, ಬ್ಲಾಕ್ ಆಮೇಲೆ. ಗುತ್ತಿಗೆದಾರರಿಗೆ ಬ್ಲಾಕ್ ಮೊದಲು ಹಾಕಿ ಕಲ್ಲು ಕೊನೆಗೆ ಕೂರಿಸುವುದು ಸಲೀಸು, ಆದರೆ ಒತ್ತಿ ಹಿಡಿಯುವ ಅಂಚು ಇಲ್ಲದೆ ಪ್ಲೇಟ್ ವೈಬ್ರೇಟರ್ ಹೊಡೆದರೆ ಬ್ಲಾಕ್ ಹೊರಗೆ ಸರಿದು ಸಂದಿ ಅಗಲವಾಗುತ್ತದೆ. ಸಂದಿ 2ರಿಂದ 4 ಮಿಲಿಮೀಟರ್ ಇರಬೇಕು, ಒಣ ಸಣ್ಣ ಉಸುಕು ತುಂಬಬೇಕು, ಎರಡು ವಾರ ಬಿಟ್ಟು ಇನ್ನೊಮ್ಮೆ ತುಂಬಬೇಕು. ಗಟಾರದ ಕಡೆಗೆ ಇಳಿಜಾರು ಶೇ 2.5. ಇಳಿಜಾರು ತಪ್ಪಿದರೆ ನೀರು ನಿಂತು ಹೂಳು ಕೂರುತ್ತದೆ, ಬೇಸಿಗೆಯಲ್ಲಿ ಅದೇ ಧೂಳು.

ವಿಜಯಪುರಕ್ಕೇ ವಿಶೇಷವಾದ ಇನ್ನೊಂದು ತೊಡಕಿದೆ. ಗೋಳಗುಮ್ಮಟ, ಬಾರಾಕಮಾನ್ ಸೇರಿ ಊರ ತುಂಬ ಸಂರಕ್ಷಿತ ಸ್ಮಾರಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಂಚಿನ ಕೆಲಸದ ನಕಾಶೆಯ ಮೇಲೆ ಈ ವೃತ್ತಗಳನ್ನು ಎಸ್ಟಿಮೇಟ್ ಹಂತದಲ್ಲೇ ಎಳೆದು, ಯಾವ ಭಾಗಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಪುರಾತತ್ವ ಇಲಾಖೆಯಿಂದ ಬರಹದಲ್ಲಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ಅಗೆದ ಮೇಲೆ ನೋಟಿಸ್ ಬಂದು ಕೆಲಸ ನಿಲ್ಲುತ್ತದೆ, ಅಗೆದ ಗುಂಡಿ ವರ್ಷಗಟ್ಟಲೆ ಧೂಳು ಕಾರುತ್ತದೆ.

ಅಂಚು ಮುಚ್ಚಿದ ಮೇಲೆ ಗುಡಿಸುವ ಯಂತ್ರ. ಈ ಅನುಕ್ರಮ ಮುಖ್ಯ. ಹಲವು ಊರುಗಳು ಮೊದಲು ಯಂತ್ರ ಕೊಂಡು ಆಮೇಲೆ ಅದನ್ನು ಶೆಡ್ಡಿನಲ್ಲಿ ನಿಲ್ಲಿಸಿವೆ. ರಸ್ತೆಯ ಹುಡಿಯ ಬಹುಪಾಲು ಅಂಚಿನ ಕಲ್ಲಿನಿಂದ ಒಂದು ಮೀಟರ್ ಒಳಗೇ ಕೂರುತ್ತದೆ, ಯಂತ್ರದ ಪಕ್ಕದ ಬ್ರಷ್ ಆ ಕಲ್ಲಿಗೆ ತಾಗಿ ಓಡಬೇಕು. ಕಲ್ಲೇ ಇಲ್ಲದ ರಸ್ತೆಯಲ್ಲಿ ಅದು ಪಕ್ಕದ ಮಣ್ಣನ್ನು ಕೆರೆದು ಡಾಂಬರಿಗೆ ಎಳೆಯುತ್ತದೆ. ಬರೀ ಬ್ರಷ್ ಇರುವ ಯಂತ್ರ ದಪ್ಪ ಕಸ ಎತ್ತಿ ಸಣ್ಣ ಹುಡಿಯನ್ನು ಹರಡುತ್ತದೆ, ಗಾಳಿ ಎಳೆಯುವ ಯಂತ್ರವೇ ಬೇಕು, ನೀರಿನ ಸಣ್ಣ ಸಿಂಚನ ಸಹಿತ. ವೇಗ ಗಂಟೆಗೆ 5-8 ಕಿಲೋಮೀಟರ್. ಬೇಗ ಮುಗಿಸೋಣ ಎಂದು 15ರಲ್ಲಿ ಓಡಿಸಿದರೆ ಡೀಸೆಲ್ ಮಾತ್ರ ಖರ್ಚಾಗುತ್ತದೆ. ಅಂಚಿನಲ್ಲಿ ಬೈಕ್ ಸಾಲು ನಿಂತಿದ್ದರೆ ಗುಡಿಸಿದ್ದೂ ಸುಳ್ಳು, ಹಾಗಾಗಿ ಎಲ್‌ಬಿಎಸ್ ಮಾರ್ಕೆಟ್ ಸುತ್ತ ರಾತ್ರಿ 11ರ ಮೇಲೇ ಆಗಬೇಕು. ನಸುಕಿನಲ್ಲಿ ಒಣ ಕಸಬರಿಗೆ ಬೀಸುವುದು ಡಿಸೆಂಬರ್-ಜನವರಿಯಲ್ಲಿ ಅತಿ ಕೆಟ್ಟ ಹೊತ್ತು. ನೆಲದ ಹತ್ತಿರ ತಣ್ಣನೆ ಗಾಳಿ ಮುಚ್ಚಳದ ಕೆಳಗಿನಂತೆ ನಿಂತಿರುತ್ತದೆ, ಎದ್ದ ಧೂಳು ಬಿಸಿಲೇರುವವರೆಗೆ ಅಲ್ಲೇ ತೇಲುತ್ತದೆ, ಅದನ್ನು ಮೊದಲು ಉಸಿರಾಡುವವರು ಗುಡಿಸುವ ಪೌರಕಾರ್ಮಿಕರೇ. ಟ್ಯಾಂಕರ್ ನೀರು ಚಿಮುಕಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಆಯುಷ್ಯ ಗಂಟೆಗಳ ಲೆಕ್ಕ, ಕುಡಿಯುವ ನೀರಿಗೆ ಕೃಷ್ಣೆಯ ಕಡೆ ನೋಡುವ ಊರು ಇದು. ಚರಂಡಿ ಶುದ್ಧೀಕರಣ ಘಟಕದ ನೀರಿದ್ದರೆ ಕಾಮಗಾರಿ ನಡೆಯುವ ಜಾಗಕ್ಕೆ ಹಾಕಿ.

ಕಟ್ಟಡ ಕೆಲಸದ ಜಾಗದಿಂದ ಹೊರಬರುವ ಟಿಪ್ಪರಿಗೆ ಗೇಟಿನ ಬಳಿ 15 ಮೀಟರ್ ಉದ್ದ, 15 ಸೆಂಟಿಮೀಟರ್ ದಪ್ಪದ ದಪ್ಪ ಖಡಿಯ ಹಾಸು ಇರಲಿ, ಗಾಲಿಯ ಮಣ್ಣು ಅಲ್ಲೇ ಉದುರುತ್ತದೆ. ಖಡಿಯ ಸಂದು ಮಣ್ಣಿನಿಂದ ತುಂಬಿದ ಮೇಲೆ ಅದನ್ನು ಎತ್ತಿ ತೊಳೆಯದಿದ್ದರೆ ಹಾಸಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಉಸುಕು, ಖಡಿ ಹೇರಿದ ಗಾಡಿಗೆ ತಾಡಪತ್ರಿ ಕಟ್ಟಿರಬೇಕು, ಹೇರು ಬಾಡಿಯ ಅಂಚಿಗಿಂತ ಕೆಳಗಿರಬೇಕು.

ಈಗ ತೂಕದ ಮಾತು. ಮೇಲಿನ ಲೆಕ್ಕದ ನೂರು ವಾಹನದಲ್ಲಿ 15 ಭಾರೀ ಗಾಡಿಗಳಿದ್ದವು. ಅವುಗಳಲ್ಲಿ ಊರಲ್ಲಿ ಕೆಲಸವೇ ಇಲ್ಲದೆ ಸುಮ್ಮನೆ ಹಾದುಹೋಗುವ ಆರನ್ನು ಹೊರಗಿನಿಂದ ಕಳಿಸಿದರೆ ಏನಾಗುತ್ತದೆ? ಉಳಿದ 94 ವಾಹನದ ತೂಕ 189 ಟನ್, ಸರಾಸರಿ 2ಕ್ಕೆ ಇಳಿಯುತ್ತದೆ. ವಾಹನ ಕಡಿಮೆಯಾದದ್ದು ಶೇ 6, ಧೂಳು ಇಳಿದದ್ದು ಶೇ 34. ದ್ವಿಚಕ್ರದವರಿಗೆ ಒಂದು ಮಾತೂ ಹೇಳಬೇಕಾಗಿಲ್ಲ. ಸೊಲ್ಲಾಪುರ, ಹುಬ್ಬಳ್ಳಿ, ಕಲಬುರಗಿ, ಹೊಸಪೇಟೆ ಕಡೆಯ ಹೆದ್ದಾರಿಗಳು ಕೂಡುವ ಊರಿಗೆ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಹಾದುಹೋಗುವ ಲಾರಿ ಎಷ್ಟು ಎಂಬುದನ್ನು ಊಹೆಯಿಂದ ಹೇಳಬಾರದು, ನಂಬರ್ ಪ್ಲೇಟ್ ಎಣಿಕೆ ಮಾಡಬೇಕು. ಸೊಲ್ಲಾಪುರ, ಇಂಡಿ, ಸಿಂದಗಿ, ಬಾಗಲಕೋಟೆ, ಅಥಣಿ ಹೀಗೆ ಊರೊಳಗೆ ಬರುವ ಪ್ರತಿ ರಸ್ತೆಯ ಬಾಯಿಯಲ್ಲಿ ಇಬ್ಬಿಬ್ಬರು ನಿಂತು, ಭಾರೀ ವಾಹನದ ಕೊನೆಯ ನಾಲ್ಕು ಅಂಕಿ ಮತ್ತು ಹೊತ್ತನ್ನು ಬರೆದುಕೊಳ್ಳಬೇಕು, ಒಬ್ಬರು ಒಳಬರುವುದು, ಒಬ್ಬರು ಹೊರಹೋಗುವುದು. ಈಗ ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿ ಆಮೇಲೆ ಬರೆದುಕೊಂಡರೂ ಆಯಿತು. ಒಂದು ಬಾಯಿಯಲ್ಲಿ ಬಂದ ನಂಬರ್ 40 ನಿಮಿಷದೊಳಗೆ ಇನ್ನೊಂದು ಬಾಯಿಯಲ್ಲಿ ಹೋದರೆ ಅದು ಹಾದುಹೋದ ಗಾಡಿ. ಎಲ್ಲರ ಗಡಿಯಾರವನ್ನು ಬೆಳಿಗ್ಗೆಯೇ ಕೂಡಿಸದಿದ್ದರೆ ಲೆಕ್ಕವೆಲ್ಲ ಹದಗೆಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಒಂದು ದಿನ, ಹಂಗಾಮು ಮುಗಿದ ಮೇಲೆ ಒಂದು ದಿನ ಮಾಡಿ, ಎರಡರ ಚಿತ್ರ ಬೇರೆಯೇ ಇರುತ್ತದೆ. ಆಮೇಲೆ ಬೋರ್ಡ್. ಲಾರಿ ತಿರುಗಬೇಕಾದ ಜಾಗದಲ್ಲೇ ಬೋರ್ಡ್ ಹಾಕಿದರೆ ಡ್ರೈವರ್ ಓದುವಷ್ಟರಲ್ಲಿ ಮುಂದೆ ಹೋಗಿರುತ್ತಾನೆ. ಅರ್ಧ ಕಿಲೋಮೀಟರ್ ಮೊದಲು ಒಂದು, ತಿರುವಿನಲ್ಲಿ ಒಂದು ಬೇಕು, ಕನ್ನಡದ ಜೊತೆ ಮರಾಠಿ, ಹಿಂದಿಯಲ್ಲೂ ಇರಲಿ. ಪೇಟೆಗೆ ಮಾಲು ತರುವ ಲಾರಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂದರೆ ಹಮಾಲರ ಕೂಲಿಯ ಹೊತ್ತೂ ಬದಲಾಗುತ್ತದೆ. ಅವರ ಸಂಘವನ್ನು ಕೇಳದೆ ಆದೇಶ ಹೊರಡಿಸಿದರೆ ಎರಡನೇ ವಾರಕ್ಕೆ ಅದು ಕಾಗದದಲ್ಲಷ್ಟೇ ಉಳಿಯುತ್ತದೆ.

ಹೊಗೆಯ ಪಾಲು ಹೆಚ್ಚು ಸೇರುವುದು ಸರ್ಕಲ್‌ಗಳಲ್ಲಿ, ಅದಕ್ಕೆ ಸಿಗ್ನಲ್ ಸಮಯವೂ ಕಾರಣ. 1958ರಿಂದ ಬಳಕೆಯಲ್ಲಿರುವ ವೆಬ್‌ಸ್ಟರ್ ಸೂತ್ರ ಸರಳ. ಒಂದು ಸುತ್ತಿನಲ್ಲಿ ಹಸಿರು-ಕೆಂಪು ಬದಲಾಗುವಾಗ ವ್ಯರ್ಥವಾಗುವ ಸೆಕೆಂಡುಗಳನ್ನು ಒಂದೂವರೆಯಿಂದ ಗುಣಿಸಿ 5 ಕೂಡಿಸಿ. ಪ್ರತಿ ದಿಕ್ಕಿನಲ್ಲಿ ಬರುವ ವಾಹನವನ್ನು ಆ ದಿಕ್ಕು ಪೂರ್ತಿ ಹಸಿರಿದ್ದರೆ ಗಂಟೆಗೆ ಎಷ್ಟು ಬಿಡಬಲ್ಲುದೋ ಅದರಿಂದ ಭಾಗಿಸಿ, ಎಲ್ಲ ದಿಕ್ಕಿನದನ್ನೂ ಕೂಡಿಸಿ (ಈ ಮೊತ್ತಕ್ಕೆ ಒತ್ತಡ ಅನ್ನೋಣ), 1ರಿಂದ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುತ್ತಿನ ಸಮಯ ಬಂತು. ನಾಲ್ಕು ದಿಕ್ಕು, ತಲಾ 3 ಸೆಕೆಂಡ್ ವ್ಯರ್ಥ, ಒತ್ತಡ 0.6 ಎಂದರೆ 23ನ್ನು 0.4ರಿಂದ ಭಾಗಿಸಿ 58 ಸೆಕೆಂಡ್. ಮಧ್ಯಾಹ್ನ ಒತ್ತಡ 0.4ಕ್ಕೆ ಇಳಿದಾಗ 38. ಇಂಥ ಕಡೆ 120 ಸೆಕೆಂಡಿನ ಸುತ್ತು ಇಟ್ಟರೆ ಗಾಡಿಗಳು ಬೇಡದ ಹೊತ್ತು ನಿಂತು ಎಂಜಿನ್ ಉರಿಸುತ್ತವೆ, ಜನ ಸಿಗ್ನಲ್ ಹಾರುವುದೂ ಶುರುವಾಗುತ್ತದೆ. ಒತ್ತಡ 0.85 ದಾಟಿದರೆ ಸೂತ್ರದ ಉತ್ತರ ಕೈಮೀರಿ ಬೆಳೆಯುತ್ತದೆ. ಆಗ ಸಮಯ ಹಿಗ್ಗಿಸುವುದಲ್ಲ, ಎಡ ತಿರುವಿಗೆ ಅಡ್ಡ ನಿಂತ ಟಂಟಂ ಸಾಲು, ತಳ್ಳುಗಾಡಿ, ಬಸ್ ಸ್ಟಾಪ್ ಸರಿಸಬೇಕು. ಬಸ್ ಸ್ಟಾಪ್ ಸರ್ಕಲ್ ದಾಟಿದ ಮೇಲೆ ಇರಲಿ, ಮುಂಚೆ ಬೇಡ. ಮುಂಚೆ ಇದ್ದರೆ ನಿಂತ ಬಸ್ಸು ಹಸಿರನ್ನು ತಿನ್ನುತ್ತದೆ.

ಬಸ್ಸಿನ ವಿಷಯದಲ್ಲಿ ಎಲ್ಲರೂ ಎಷ್ಟು ಬಸ್ ಎಂದು ಕೇಳುತ್ತಾರೆ, ಎಷ್ಟು ನಿಮಿಷಕ್ಕೊಂದು ಎಂದು ಯಾರೂ ಕೇಳುವುದಿಲ್ಲ. ಒಂಬತ್ತು ಕಿಲೋಮೀಟರ್ ಮಾರ್ಗ, ಗಂಟೆಗೆ 15 ಕಿಲೋಮೀಟರ್ ವೇಗ ಎಂದರೆ ಹೋಗಲು 36, ಬರಲು 36, ಎರಡೂ ತುದಿಗೆ ಆರಾರು ನಿಮಿಷ ವಿರಾಮ, ಒಟ್ಟು 84 ನಿಮಿಷ. 12 ನಿಮಿಷಕ್ಕೊಂದು ಬಸ್ ಬೇಕಾದರೆ 7 ಬಸ್, ಕೆಟ್ಟರೆ ಇರಲಿ ಎಂದು ಇನ್ನೊಂದು. ಅವು ಸರಿಯಾದ ಅಂತರದಲ್ಲಿ ಓಡಿದರೆ ಸರಾಸರಿ 6 ನಿಮಿಷ ಕಾಯಬೇಕು. ಎರಡು ಬಸ್ ಬೆನ್ನಿಗೆ ಬೆನ್ನು ಹತ್ತಿ ಬಂದು ಆಮೇಲೆ 24 ನಿಮಿಷ ಏನೂ ಇಲ್ಲ ಎಂದಾದರೆ ಅದೇ ಬಸ್ಸಿನಲ್ಲಿ ಕಾಯುವುದು 12 ನಿಮಿಷ. ಟಂಟಂ ಗೆಲ್ಲುವುದು ಅಲ್ಲೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ, ಆದರೂ ದುಡ್ಡು ಕೊಟ್ಟು ಟಂಟಂ ಹತ್ತುತ್ತಾರೆ ಎಂದರೆ ಅವರು ಕೊಡುತ್ತಿರುವುದು ಕಾಯುವ ಹೊತ್ತಿನ ಬೆಲೆ. ಸ್ಯಾಟಲೈಟ್ ನಿಲ್ದಾಣದಿಂದ ಊರೊಳಗೆ ಮೂರೋ ನಾಲ್ಕೋ ಮಾರ್ಗ ಆರಿಸಿ, ಅವನ್ನು ಮಾತ್ರ 10-12 ನಿಮಿಷಕ್ಕೆ ಬಿಗಿಯಾಗಿ ಓಡಿಸುವುದು, ಇಪ್ಪತ್ತು ಮಾರ್ಗಕ್ಕೆ ಗಂಟೆಗೊಂದು ಓಡಿಸುವುದಕ್ಕಿಂತ ಲೇಸು. ಬಡಾವಣೆಯ ಒಳಗಿನಿಂದ ಮುಖ್ಯ ರಸ್ತೆಗೆ ಜನರನ್ನು ತರುವ ಕೆಲಸ ಟಂಟಂನವರಿಗಿರಲಿ, ಅವರನ್ನು ಓಡಿಸುವ ಯೋಜನೆ ಎಲ್ಲೂ ನಿಂತಿಲ್ಲ.

ಎಲೆಕ್ಟ್ರಿಕ್ ಬಸ್ ಬರಲಿ. 2023ರ ಆಗಸ್ಟ್‌ನಲ್ಲಿ ಘೋಷಿಸಿದ ಪಿಎಂ ಇ-ಬಸ್ ಸೇವಾ ಯೋಜನೆ 2011ರ ಗಣತಿಯಲ್ಲಿ 3ರಿಂದ 40 ಲಕ್ಷ ಜನಸಂಖ್ಯೆ ಇದ್ದ ಊರುಗಳಿಗೆ. 3.27 ಲಕ್ಷದ ವಿಜಯಪುರವೂ 4.88 ಲಕ್ಷದ ಬೆಳಗಾವಿಯೂ ಆ ಅಳತೆಯೊಳಗೆ ಬರುತ್ತವೆ. ಆದರೆ ಮಣ್ಣಿನ ಅಂಚಿನ ರಸ್ತೆಯಲ್ಲಿ ಎಲೆಕ್ಟ್ರಿಕ್ ಬಸ್ಸೂ ಡೀಸೆಲ್ ಬಸ್ಸಿನಷ್ಟೇ ಧೂಳು ಎಬ್ಬಿಸುತ್ತದೆ, ಬ್ಯಾಟರಿ ತೂಕಕ್ಕೆ ತುಸು ಹೆಚ್ಚೇ ಇರಬಹುದು. ಕರೆಂಟು ಕೂಡಗಿಯ 2,400 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ್ದೇ ಇರಬಹುದಲ್ಲ ಎಂದು ಕೇಳುವವರಿದ್ದಾರೆ, ಸರಿಯಾದ ಪ್ರಶ್ನೆಯೇ. ಎತ್ತರದ ಚಿಮಣಿಯಿಂದ ಹೊರಟ ಹೊಗೆ ಹರಡಿ ತೆಳುವಾಗುತ್ತದೆ, ಗಾಂಧಿ ಚೌಕದಲ್ಲಿ ಬಸ್ಸಿನ ಹಿಂದೆ ಬೈಕ್ ಮೇಲೆ ಕೂತವರ ಮೂಗಿಗೆ ಅಷ್ಟು ನೇರವಾಗಿ ಬರುವುದಿಲ್ಲ, ವ್ಯತ್ಯಾಸ ಇರುವುದು ಅಷ್ಟರಲ್ಲಿ. ಡಿಪೋ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು. ಕಿಲೋಮೀಟರಿಗೆ 1.2 ಯೂನಿಟ್, ದಿನಕ್ಕೆ 180 ಕಿಲೋಮೀಟರ್ ಎಂದರೆ ಒಂದು ಬಸ್ಸಿಗೆ 216 ಯೂನಿಟ್. ಇಪ್ಪತ್ತು ಬಸ್ಸನ್ನು ರಾತ್ರಿ ಆರು ಗಂಟೆಯಲ್ಲಿ ತುಂಬಿಸಲು, ಚಾರ್ಜರ್ ನಷ್ಟ ಸೇರಿ, ಸುಮಾರು 800 ಕಿಲೋವ್ಯಾಟ್. ಅದಕ್ಕೆ ಹೆಸ್ಕಾಂನಿಂದ ಪ್ರತ್ಯೇಕ ಎಚ್‌ಟಿ (ಹೈ ಟೆನ್ಷನ್) ಸಂಪರ್ಕ, 1,000 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು. ಬಸ್ ಬಂದ ಮೇಲೆ ಅರ್ಜಿ ಹಾಕಿದರೆ ಬಸ್ಸಿನ ಮೇಲೂ ಧೂಳು ಕೂರುತ್ತದೆ.

ಬೆಳಗಾವಿಯವರು ಇದನ್ನು ಹಾಗೇ ನಕಲು ಮಾಡಬೇಡಿ. ಅಲ್ಲಿ ಮಳೆ ಇಲ್ಲಿಯ ಎರಡು ಪಟ್ಟಿಗೂ ಹೆಚ್ಚು, ಧೂಳಿನ ತಿಂಗಳು ಕಡಿಮೆ. ಖಡೇಬಜಾರ್, ಗಣಪತ ಗಲ್ಲಿಯ ಇಕ್ಕಟ್ಟಿನಲ್ಲಿ, ಟಿಳಕವಾಡಿಯ ರೈಲ್ವೆ ಗೇಟುಗಳ ಮುಂದೆ ನಿಂತ ಎಂಜಿನ್ನುಗಳ ಹೊಗೆಗೆ ಮೊದಲ ಸ್ಥಾನ ಕೊಡಬೇಕು. ಗಲ್ಲಿಯೊಳಗಿನ ಪಾರ್ಕಿಂಗ್ ತೆಗೆದು ಹೊರಗೆ ಕೊಡುವುದು ಅಲ್ಲಿ ಪೇವರ್‌ಗಿಂತ ಮೊದಲಿನ ಕೆಲಸ. ಬಾಗಲಕೋಟೆಯ ನವನಗರ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರು, ಅಂಚು ಮುಚ್ಚುವ ಕೆಲಸಕ್ಕೆ ಅಲ್ಲಿ ಒತ್ತುವರಿ ತೆರವಿನ ಜಗಳ ಕಡಿಮೆ.

ಕೊನೆಗೆ, ಕೆಲಸ ಫಲಿಸಿತೋ ಇಲ್ಲವೋ ಎಂದು ನೋಡುವುದು. ಇಬ್ರಾಹಿಂಪುರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ವಯಂಚಾಲಿತ ಕೇಂದ್ರ ಊರಿನ ಒಟ್ಟು ಗಾಳಿಯನ್ನು ಹೇಳುತ್ತದೆ, ಒಂದು ರಸ್ತೆಯ ಬದಲಾವಣೆ ಅದರಲ್ಲಿ ಕಾಣುವುದಿಲ್ಲ. ಅದಕ್ಕೆಂದು ಆನ್‌ಲೈನ್‌ನಲ್ಲಿ ಸಿಗುವ ಸೋವಿ ಲೇಸರ್ ಸೆನ್ಸರ್ ಕಂಬಕ್ಕೆ ಕಟ್ಟುವವರು ಒಂದು ಮಾತು ತಿಳಿದಿರಬೇಕು. ಅವು ಪಿಎಂ2.5ನ್ನು ತಕ್ಕಮಟ್ಟಿಗೆ ಅಳೆಯುತ್ತವೆ. ಪಿಎಂ10 ಎಂದು ತೋರಿಸುವ ಅಂಕಿ ಮಾತ್ರ ಬಹುಪಾಲು ಅಂದಾಜು, ದಪ್ಪ ಮಣ್ಣಿನ ಕಣ ಅವುಗಳ ಕಣ್ಣಿಗೆ ಬೀಳುವುದೇ ಕಡಿಮೆ. ತೇವ ಶೇ 80 ದಾಟಿದರೆ ಮಂಜಿನ ಹನಿಯನ್ನೂ ಕಣವೆಂದು ಎಣಿಸುತ್ತವೆ. ಬಳಸುವುದಾದರೆ ಎರಡು ವಾರ ಮಂಡಳಿಯ ಕೇಂದ್ರದ ಪಕ್ಕದಲ್ಲಿಟ್ಟು ಹೋಲಿಸಿ ತಿದ್ದಿಕೊಂಡು ಬಳಸಿ. ರಸ್ತೆ ಧೂಳಿಗೆ ಮೇಲೆ ಹೇಳಿದ ಜರಡಿಯೇ ಹೆಚ್ಚು ನಂಬಿಕಸ್ಥ. ಕೆಲಸ ಮಾಡುವ ರಸ್ತೆಯ ಜೊತೆಗೆ ಏನೂ ಮಾಡದ ಅಂಥದೇ ಇನ್ನೊಂದು ರಸ್ತೆಯಲ್ಲೂ ತಿಂಗಳಿಗೊಮ್ಮೆ ಹುಡಿ ಎತ್ತಿ ತೂಗಿ. ಮಾರ್ಚನ್ನು ಮುಂದಿನ ಮಾರ್ಚ್ ಜೊತೆಗೇ ಇಟ್ಟು ನೋಡಿ, ಏಪ್ರಿಲ್ ಅಂಕಿಯ ಪಕ್ಕ ಜುಲೈ ಅಂಕಿ ಇಟ್ಟರೆ ಮಳೆ ಮಾಡಿದ ಕೆಲಸವೆಲ್ಲ ಗುತ್ತಿಗೆದಾರನ ಖಾತೆಗೆ ಜಮೆಯಾಗುತ್ತದೆ.